ಹಿಂದಿನ ವರ್ಷಗಳ ತಪ್ಪು

ನೈರೋಬಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ. 2023ರ ಮೇ ತಿಂಗಳ ಒಂದು ಮಳೆಯ ಸಂಜೆ ನಾನು, ನನ್ನ ಹೆಂಡತಿ ಮತ್ತು ಹದಿಮೂರು ವರ್ಷದ ಮಗಳು ಪಾರ್ಕ್‌ಲ್ಯಾಂಡ್ಸ್‌ನ ಒಂದು ಕ್ಲಿನಿಕ್‌ನಲ್ಲಿ ಕೂತಿದ್ದೆವು. ಮಗಳು ತರಗತಿಯಲ್ಲಿ ಗಲಾಟೆ ಮಾಡುವವಳಲ್ಲ, ಕಿಟಕಿ ಪಕ್ಕ ಸುಮ್ಮನೆ ಕೂರುವವಳು. ಹೋಂವರ್ಕ್ ಮಾಡಿರುತ್ತಾಳೆ, ಕೊಡುವುದನ್ನು ಮರೆತಿರುತ್ತಾಳೆ. ಒಂದೇ ಅವಧಿಯಲ್ಲಿ ಮೂರು ಸ್ವೆಟರ್ ಕಳೆದಿದ್ದಳು. ಒಂದು ರಾತ್ರಿ ಅಳುತ್ತಾ, 'ನಾನು ಮ್ವಿವು, ಅಷ್ಟೇ' ಎಂದಳು. ಮ್ವಿವು ಎಂದರೆ ಸ್ವಾಹಿಲಿಯಲ್ಲಿ ಸೋಮಾರಿ. ಆ ಮಾತು ಕೇಳಿದ ಮೇಲೆ ನಾವು ಕ್ಲಿನಿಕ್‌ಗೆ ಫೋನ್ ಮಾಡಿದ್ದು. (ಇಷ್ಟನ್ನು ಬರೆಯಲು ಮಗಳ ಅನುಮತಿ ಪಡೆದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಬಾರದು ಎಂಬುದು ಅವಳ ಷರತ್ತು.)

ವೈದ್ಯೆ ಬಹಳ ಹೊತ್ತು ಮಾತಾಡಿಸಿದ ಮೇಲೆ ನನ್ನ ಕಡೆ ತಿರುಗಿ, 'ನಿಮ್ಮ ಕುಟುಂಬದಲ್ಲಿ ಈ ಥರದವರು ಯಾರಾದರೂ ಇದ್ದಾರಾ?' ಎಂದು ಕೇಳಿದರು. ನಾನು ಯೋಚಿಸದೆ 'ಯಾರೂ ಇಲ್ಲ' ಎಂದೆ. ಎಡಿಎಚ್‌ಡಿ ವಂಶದಲ್ಲಿ ಹರಿದು ಬರುವುದು ಹೆಚ್ಚು, ಹಾಗಾಗಿ ತಂದೆತಾಯಿಯೂ ಒಂದು ಪ್ರಶ್ನಾವಳಿ ತುಂಬಿದರೆ ಒಳ್ಳೆಯದು ಎಂದು ಅವರು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು.

ಆ ಹಾಳೆಯ ಹೆಸರು ಎಎಸ್‌ಆರ್‌ಎಸ್. ದೊಡ್ಡವರಲ್ಲಿ ಎಡಿಎಚ್‌ಡಿ ಇರಬಹುದೇ ಎಂದು ಮೊದಲ ಸುತ್ತಿನಲ್ಲಿ ಸೋಸಿ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಜ್ಞರು ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿದ್ದು. ಒಟ್ಟು 18 ಪ್ರಶ್ನೆ. ಅದರಲ್ಲಿ ಮೊದಲ ಆರು ಮುಖ್ಯ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಹೀಗಾಗಿದೆ ಎಂದು 'ಎಂದೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ ಐದು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಕಷ್ಟದ ಭಾಗ ಮುಗಿದ ಮೇಲೆ ಕೆಲಸದ ಕೊನೆಯ ಚೂರುಪಾರನ್ನು ಮುಗಿಸಲು ಒದ್ದಾಡುತ್ತೀರಾ? ಕೆಲಸಗಳನ್ನು ಕ್ರಮವಾಗಿ ಜೋಡಿಸಿಕೊಳ್ಳಲು ಕಷ್ಟವೇ? ಹೋಗಬೇಕಾದ ಕಡೆ, ಮಾಡಬೇಕಾದ ಕರ್ತವ್ಯ ಮರೆತುಹೋಗುತ್ತದೆಯೇ? ತಲೆ ಓಡಿಸಬೇಕಾದ ಕೆಲಸವನ್ನು ಮುಂದೂಡುತ್ತೀರಾ? ಬಹಳ ಹೊತ್ತು ಕೂರಬೇಕಾದಾಗ ಕೈಕಾಲು ಸುಮ್ಮನಿರುವುದಿಲ್ಲವೇ? ಒಳಗೊಂದು ಮೋಟಾರು ಓಡುತ್ತಿದೆ ಅನ್ನಿಸುತ್ತದೆಯೇ? ಆರರಲ್ಲಿ ನಾಲ್ಕು ಉತ್ತರ ಗೊತ್ತುಮಾಡಿದ ಗೆರೆ ದಾಟಿದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ನನ್ನ ಉತ್ತರಗಳು ನಿರೀಕ್ಷೆಯಂತೆಯೇ ಇದ್ದವು. ಪ್ರತಿ ತಿಂಗಳು 9ಕ್ಕೆ ಸಂಬಳದ ತೆರಿಗೆ, 20ಕ್ಕೆ ವ್ಯಾಟ್, ಜೂನ್ 30ಕ್ಕೆ ವಾರ್ಷಿಕ ರಿಟರ್ನ್ ಎಂದು ಕೀನ್ಯಾದ ತೆರಿಗೆ ಪಂಚಾಂಗವನ್ನು ಹದಿನೈದು ವರ್ಷದಿಂದ ತಲೆಯಲ್ಲಿ ಹೊತ್ತು ತಿರುಗುವವನು ನಾನು. ಆದರೆ ಮೂರನೆಯ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ಕರ್ತವ್ಯ ಮರೆತುಹೋಗುತ್ತದೆಯೇ ಎಂಬ ಸಾಲು ನನ್ನನ್ನು ಕೇಳುತ್ತಿರಲಿಲ್ಲ. ಅದು ದಾವಣಗೆರೆಯಲ್ಲಿರುವ ನನ್ನ ತಮ್ಮನನ್ನು ಕೇಳುತ್ತಿತ್ತು. 'ಯಾರೂ ಇಲ್ಲ' ಎಂದಿದ್ದೆನಲ್ಲ, ಅವನೊಂದಿಗೆ ನಾನು ಮಾತು ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಗುಮಾಸ್ತರು. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮನಿಗೆ ಅವರು ಇಟ್ಟ ಹೆಸರು 'ಆರಂಭಶೂರ'. ಟೈಪಿಂಗ್ ಸೇರಿದ, ಬಿಟ್ಟ. ಹಾರ್ಮೋನಿಯಂ ಸೇರಿದ, ಬಿಟ್ಟ. ಬಿಕಾಂ ಎರಡನೇ ವರ್ಷಕ್ಕೆ ನಿಲ್ಲಿಸಿದ. ಆದರೆ ಕೆಟ್ಟ ರೇಡಿಯೋ ಕೈಗೆ ಸಿಕ್ಕರೆ ಊಟ ನಿದ್ದೆ ಬಿಟ್ಟು ರಾತ್ರಿಯೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ಅದೇ ಅವನ ವಿರುದ್ಧದ ದೊಡ್ಡ ಸಾಕ್ಷಿಯಾಯಿತು. 'ಬೇಕಾದ್ದಕ್ಕೆ ಗಮನ ಇದೆಯಲ್ಲ, ಬೇಡದ್ದಕ್ಕೆ ಮಾತ್ರ ಇಲ್ಲವಾ?' ಎಂದು ಅಪ್ಪ ಕೇಳುತ್ತಿದ್ದರು. ಮುಂದೆ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಹಾಕಿದ. ಕೆಲಸ ಚೆನ್ನಾಗಿ ಮಾಡುತ್ತಿದ್ದ, ಬಿಲ್ ಬರೆಯುತ್ತಿರಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ತಿಂಗಳು ತಿಂಗಳು ರಿಟರ್ನ್ ಹಾಕುವುದು ಅವನಿಂದ ಆಗಲಿಲ್ಲ. ದಿನಕ್ಕೆ 50 ರೂಪಾಯಿಯಂತೆ ತಡಶುಲ್ಕ ಏರಿತು, ಅಂಗಡಿ ಮುಚ್ಚಿತು. ಅಣ್ಣ ಚಾರ್ಟರ್ಡ್ ಅಕೌಂಟೆಂಟ್, ತಮ್ಮನಿಗೆ ಒಂದು ರಿಟರ್ನ್ ಹಾಕಲು ಬರುವುದಿಲ್ಲ ಎಂದು ನೆಂಟರು ನಕ್ಕರು. ನಾನೂ ನಕ್ಕೆ.

ನಗು ನಿಂತದ್ದು ಮಾರನೆಯ ವರ್ಷ. ಅಮ್ಮನ ಆರೋಗ್ಯ ವಿಮೆಯ ಕಂತನ್ನು ನಾನು ಪ್ರತಿ ಆಗಸ್ಟ್‌ನಲ್ಲಿ ತಮ್ಮನ ಖಾತೆಗೆ ಕಳಿಸುತ್ತಿದ್ದೆ, ಅವನು ಕಟ್ಟುತ್ತಿದ್ದ. 2018ರಲ್ಲಿ ಕಳಿಸಿದ್ದು 28,400 ರೂಪಾಯಿ. ಅವನು ಕಟ್ಟಲಿಲ್ಲ. ಮೂವತ್ತು ದಿನದ ಹೆಚ್ಚುವರಿ ಗಡುವೂ ಕಳೆಯಿತು, ಪಾಲಿಸಿ ಬಿದ್ದುಹೋಯಿತು. ಜನವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ಬಿಲ್ಲು 3,40,000. ವಿಮೆಯ ಚೀಟಿ ಎಲ್ಲಿ ಎಂದು ನಾನು ನೈರೋಬಿಯಿಂದ ಕೇಳಿದಾಗ ಫೋನಿನ ಆ ಕಡೆ ಸದ್ದೇ ಇಲ್ಲ.

ದುಡ್ಡು ತಿಂದಿದ್ದಾನೆ ಎಂದುಕೊಂಡೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸು ಎಂದೆ. ಕಳಿಸಿದ. ನಾನು ಕಳಿಸಿದ ಹಣ ಹಾಗೇ ಇತ್ತು. ಆಗಸ್ಟ್‌ನಿಂದ ಜನವರಿವರೆಗೆ ಆ ಖಾತೆಯ ಬಾಕಿ ಒಂದು ದಿನವೂ 31,000ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಕಚೇರಿಯಲ್ಲಿ ಇಂಥ ಸಾಲು ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಕದ್ದವನು ಹಣ ಮುಟ್ಟದೆ ಇಡುವುದಿಲ್ಲ, ಇಲ್ಲಿ ಬೇರೇನೋ ಇದೆ ಎನ್ನುತ್ತೇನೆ. ಅಣ್ಣನಾಗಿ ನಾನು ನಿಲ್ಲಲಿಲ್ಲ. ನಾನು ಅವನಿಗೆ ಹೇಳಿದ ಮಾತು ಇದು: 'ಕಳ್ಳನಾಗಿದ್ದರೂ ವಾಸಿಯಿತ್ತು. ಅವನಿಗೆ ಏನೋ ಅವಶ್ಯಕತೆ ಇರುತ್ತೆ. ನಿನಗೆ ಅಮ್ಮನ ಮೇಲೆ ಪ್ರೀತಿಯೇ ಇಲ್ಲ.' ಆಮೇಲೆ ಮಾತು ಬಿಟ್ಟೆ.

ಅಮ್ಮ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ರಾತ್ರಿಯೂ ಅವರ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದವನು ಅವನೇ. ಅದೂ ನನಗೆ ಗೊತ್ತಿತ್ತು.

ಈ ಬರಹದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ಒಬ್ಬನ ಮರೆವಿಗೆ ಒಂದು ವೈದ್ಯಕೀಯ ಕಾರಣ ಸಿಕ್ಕಿತು ಎನ್ನೋಣ. ಆಗ ಅವನ ತಪ್ಪು ತಪ್ಪಲ್ಲವೆಂದಾಗುತ್ತದೆಯೇ? ಅವನ ಬಗ್ಗೆ ನಾವು ಈವರೆಗೆ ಕೊಟ್ಟ ತೀರ್ಪುಗಳ ಗತಿಯೇನು?

ಮೊದಲು ಕಾಯಿಲೆಯ ವಿಷಯ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಮೂರು ಉಪನ್ಯಾಸ ಕೊಟ್ಟರು. ಬುದ್ಧಿಯಲ್ಲಿ ಕಡಿಮೆಯಿಲ್ಲದ, ಆದರೆ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳನ್ನು ವಿವರಿಸಿದರು. ಎಡಿಎಚ್‌ಡಿಯ ಇತಿಹಾಸ ಹೇಳುವವರು ಬಹಳ ಮಂದಿ ಅಲ್ಲಿಂದ ಶುರುಮಾಡುತ್ತಾರೆ. ಸ್ಟಿಲ್ ಅದಕ್ಕೆ ಬಳಸಿದ ಮಾತು 'ನೈತಿಕ ನಿಯಂತ್ರಣದ ದೋಷ'. ಅಂದರೆ ವೈದ್ಯರು ಕೂಡ ಮೊದಲು ಇದನ್ನು ನೀತಿಯ ಭಾಷೆಯಲ್ಲೇ ಕಂಡರು. ಅದು ನಮ್ಮಪ್ಪನ ಭಾಷೆಗೆ ತೀರ ದೂರವಲ್ಲ.

ಇಂದಿನ ತಿಳಿವಳಿಕೆ ಬೇರೆ. ಹೆಸರಿನಲ್ಲಿ ಗಮನದ ಕೊರತೆ ಎಂದಿದ್ದರೂ ಕೊರತೆಯಿರುವುದು ಗಮನದಲ್ಲಿ ಅಲ್ಲ, ಅದನ್ನು ಬೇಕಾದಾಗ ಬೇಕಾದ ಕಡೆಗೆ ತಿರುಗಿಸುವ ಹಿಡಿತದಲ್ಲಿ. ರೇಡಿಯೋ ಮುಂದೆ ರಾತ್ರಿಯೆಲ್ಲ ಕೂರುವವನು, ವಿಮೆಯ ಕಂತನ್ನು ಮರೆಯುವವನು ಒಬ್ಬನೇ ಆಗಿರಬಹುದು. ಅದರಲ್ಲಿ ವಿರೋಧಾಭಾಸವಿಲ್ಲ. ಇದು ಬೆಳೆದಂತೆ ತಾನೇ ಹೋಗಿಬಿಡುತ್ತದೆ ಎಂದು ಬಹುಕಾಲ ನಂಬಿದ್ದರು. ಈಗ ಹಾಗಲ್ಲವೆಂದು ಗೊತ್ತಾಗಿದೆ. ಓಡಾಟ ಕಡಿಮೆಯಾಗಿ ಒಳಗಿನ ಚಡಪಡಿಕೆಯಾಗುತ್ತದೆ, ಮರೆವು ಮತ್ತು ಮುಂದೂಡಿಕೆ ಉಳಿಯುತ್ತವೆ. ದೊಡ್ಡವರಲ್ಲಿ ಇದರ ಪ್ರಮಾಣ ಸುಮಾರು ಶೇಕಡಾ 2.5 ಎಂದು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಂದಾಜು ಮಾಡಿದ್ದಾರೆ. ಗಲಾಟೆ ಮಾಡದ ಹೆಣ್ಣುಮಕ್ಕಳಲ್ಲಿ ಕಣ್ಣಿಗೆ ಬೀಳದೆ ಉಳಿಯುವುದು ಹೆಚ್ಚು.

ಇಷ್ಟು ಓದಿದ ಯಾರಿಗಾದರೂ 'ಅಯ್ಯೋ, ನನಗೂ ಇದೆ' ಅನ್ನಿಸುತ್ತದೆ. ಬೀಗದ ಕೈ ಮರೆಯದವರು ಯಾರಿದ್ದಾರೆ? ಮೊಬೈಲಿನ ಚಿಕ್ಕ ವಿಡಿಯೋಗಳನ್ನು ನೋಡಿದರೆ ಇಡೀ ನೈರೋಬಿಗೇ ಎಡಿಎಚ್‌ಡಿ ಇರಬೇಕು. ಇಲ್ಲಿ ಲೆಕ್ಕಪರಿಶೋಧಕನ ಒಂದು ಮಾತು ಕೇಳಿ. ಸಾವಿರ ಜನ ದೊಡ್ಡವರು ಪ್ರಶ್ನಾವಳಿ ತುಂಬಿದರು ಎನ್ನಿ. ಮೇಲಿನ ಅಂದಾಜಿನಂತೆ ಅವರಲ್ಲಿ 25 ಜನಕ್ಕೆ ನಿಜವಾಗಿ ಇದೆ. ಹಾಳೆ ಅಂಥವರಲ್ಲಿ ಹತ್ತಕ್ಕೆ ಏಳು ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ ಐದು ಜನರನ್ನು ತಪ್ಪಾಗಿ ಹಿಡಿಯುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಇದ್ದವರಲ್ಲಿ ಸುಮಾರು 17 ಜನ, ಇಲ್ಲದವರಲ್ಲಿ ಸುಮಾರು 49 ಜನ ಸಿಕ್ಕುತ್ತಾರೆ. ಅಂದರೆ ಹಾಳೆ 'ಇರಬಹುದು' ಎಂದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಇದೆ. 'ಇಲ್ಲ' ಎಂದವರಲ್ಲಿ ಎಂಟು ಜನಕ್ಕೆ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಆಡಿಟ್ ಕ್ವೆರಿ, ಆಡಿಟ್ ವರದಿಯಲ್ಲ.

ವರದಿ ಬರೆಯುವುದು ವೈದ್ಯರ ಕೆಲಸ. 2013ರಲ್ಲಿ ಬಂದ ಅಮೆರಿಕದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಾಗಲಿ, ಚಡಪಡಿಕೆ ಅವಸರಕ್ಕೆ ಸಂಬಂಧಿಸಿದ ಒಂಬತ್ತರಲ್ಲಾಗಲಿ ದೊಡ್ಡವರಿಗೆ ಕನಿಷ್ಠ ಐದು ಇರಬೇಕು. ಕೆಲವಾದರೂ ಹನ್ನೆರಡು ವರ್ಷದೊಳಗೆ ಕಂಡಿರಬೇಕು. ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ತೊಂದರೆ ಕೊಟ್ಟಿರಬೇಕು. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ, ಆತಂಕ, ಕುಡಿತ ಇವೂ ಇದೇ ವೇಷ ಹಾಕಿ ಬರುತ್ತವೆ. ಅವನ್ನೆಲ್ಲ ಪಕ್ಕಕ್ಕಿಟ್ಟು ನೋಡಬೇಕು. ಮಾತ್ರೆಯಿದೆ, ಮಾತಿನ ಚಿಕಿತ್ಸೆಯಿದೆ, ಬದುಕನ್ನು ಚೀಟಿ ಗಂಟೆ ಅಲಾರಾಂಗಳಿಂದ ಕಟ್ಟಿಕೊಳ್ಳುವ ಉಪಾಯಗಳಿವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು.

ತಮ್ಮನಿಗೆ ನಾನು ಫೋನ್ ಮಾಡಿದ್ದು ಕ್ಲಿನಿಕ್‌ನಿಂದ ಬಂದ ಹನ್ನೊಂದನೇ ದಿನ. ನಾನು ಅವನ ಪರವಾಗಿ ಹಾಳೆ ತುಂಬಿ ತೀರ್ಪು ಕೊಡಬಾರದು ಎಂದು ವೈದ್ಯೆ ಎಚ್ಚರಿಸಿದ್ದರು. ಆದ್ದರಿಂದ ಮಗಳ ವಿಷಯವನ್ನಷ್ಟೇ ಹೇಳಿದೆ. ಅವನು ಸುಮ್ಮನೆ ಕೇಳಿದ. ಕೊನೆಗೆ, 'ಅವಳನ್ನ ಬೈಬೇಡಣ್ಣ' ಎಂದ. ಎರಡು ತಿಂಗಳ ಮೇಲೆ ತಾನೇ ಬೆಂಗಳೂರಿಗೆ ಹೋಗಿ ಮನೋವೈದ್ಯರನ್ನು ಕಂಡ. ಅವರು ಶಾಲೆಯ ದಾಖಲೆ ಏನಾದರೂ ಇದೆಯಾ ಎಂದು ಕೇಳಿದರಂತೆ. ಅಮ್ಮನ ಟ್ರಂಕಿನಲ್ಲಿ ಅವನ ನಾಲ್ಕನೇ ತರಗತಿಯ ಅಂಕಪಟ್ಟಿ ಇತ್ತು. ಮಾಸ್ತರರ ಕೈಬರಹದಲ್ಲಿ ಒಂದು ಸಾಲು: ಬುದ್ಧಿವಂತ, ಗಮನವಿಲ್ಲ, ಸ್ಲೇಟು ಪದೇ ಪದೇ ಕಳೆಯುತ್ತಾನೆ. ಮೂರು ಭೇಟಿಯ ನಂತರ ವೈದ್ಯರು ಎಡಿಎಚ್‌ಡಿ ಎಂದು ಬರೆದರು. ಆಗ ಅವನಿಗೆ ನಲವತ್ತೆರಡು ವರ್ಷ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳು ಕೀನ್ಯಾದಲ್ಲಿ 1999ರಿಂದ ಜಾರಿಯಲ್ಲಿವೆ. ಅವುಗಳಲ್ಲಿ ಎಂಟನೆಯದು ಎರಡು ಸಂಗತಿಗಳನ್ನು ಬೇರ್ಪಡಿಸುತ್ತದೆ. ಒಂದು, ಅಂದಾಜಿನಲ್ಲಿ ಬದಲಾವಣೆ. ಆಗ ಗೊತ್ತಿರಲು ಸಾಧ್ಯವೇ ಇಲ್ಲದ ವಿಷಯ ಈಗ ಗೊತ್ತಾಗಿದೆ, ಆದ್ದರಿಂದ ಇಂದಿನಿಂದ ಮುಂದಕ್ಕೆ ಲೆಕ್ಕ ಬದಲಿಸಿದರೆ ಸಾಕು, ಹಳೆಯ ಪುಸ್ತಕ ಮುಟ್ಟಬೇಕಿಲ್ಲ. ಎರಡು, ಹಿಂದಿನ ವರ್ಷಗಳ ತಪ್ಪು. ನಂಬಬಹುದಾದ ಮಾಹಿತಿ ಆಗಲೇ ಕೈಗೆ ಸಿಗುವಂತಿತ್ತು, ನಾವು ಬಳಸಲಿಲ್ಲ ಅಥವಾ ತಪ್ಪಾಗಿ ಬಳಸಿದೆವು. ಆಗ ಹಿಂದಕ್ಕೆ ಹೋಗಿ ಹಳೆಯ ಅಂಕಿಗಳನ್ನೇ ತಿದ್ದಿ ಬರೆಯಬೇಕು, ತಿದ್ದಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು.

ಅಪ್ಪನದು ಮೊದಲನೆಯದು. 1990ರ ದಾವಣಗೆರೆಯಲ್ಲಿ ಒಬ್ಬ ಗಿರಣಿ ಗುಮಾಸ್ತರಿಗೆ ಈ ಹೆಸರು ಹೇಳುವವರು ಯಾರಿದ್ದರು? ಅವರಿಗೆ ಗೊತ್ತಿದ್ದ ಪದಗಳು ಸೋಮಾರಿ, ಆರಂಭಶೂರ. ಆ ಪದಗಳಲ್ಲೇ ಅವರು ಮಗನನ್ನು ಅಳೆದರು. ಅವರು 2005ರಲ್ಲಿ ತೀರಿಕೊಂಡರು. ಅವರ ಪುಸ್ತಕವನ್ನು ನಾನು ತೆರೆಯುವುದಿಲ್ಲ.

ನನ್ನದು ಎರಡನೆಯದು. ನನ್ನ ಕೈಯಲ್ಲಿ ಇಂಟರ್ನೆಟ್ ಇತ್ತು. ಮುಟ್ಟದ ಹಣ ತೋರಿಸುವ ಸ್ಟೇಟ್‌ಮೆಂಟ್ ಇತ್ತು, ಆಸ್ಪತ್ರೆಯ ನೆಲದ ಮೇಲಿನ ಹತ್ತೊಂಬತ್ತು ರಾತ್ರಿಗಳಿದ್ದವು. ರೋಗದ ಹೆಸರು ಗೊತ್ತಿರಬೇಕಿರಲಿಲ್ಲ. 'ಪ್ರೀತಿಯಿಲ್ಲ' ಎಂಬ ತೀರ್ಪಿಗೆ ಈ ಎರಡು ದಾಖಲೆ ಹೊಂದುವುದಿಲ್ಲ ಎಂದು ಕಾಣಲು ವೈದ್ಯನಾಗಬೇಕಿಲ್ಲ. ನಾವು ಗಮನವನ್ನು ಪ್ರೀತಿಯ ಅಳತೆಗೋಲು ಮಾಡಿಕೊಂಡಿದ್ದೇವೆ. ನೆನಪಿಟ್ಟುಕೊಂಡರೆ ಪ್ರೀತಿ, ಮರೆತರೆ ತಾತ್ಸಾರ. ಎಷ್ಟೋ ಜನರ ವಿಷಯದಲ್ಲಿ ಅದು ಸರಿಯೇ ಇರಬಹುದು. ಆದರೆ ಅಳತೆಗೋಲೇ ಹೊಂದದ ಜನರಿದ್ದಾರೆ, ಅವರು ಬದುಕಿಡೀ ತಮ್ಮದಲ್ಲದ ತೀರ್ಪನ್ನು ಹೊತ್ತು ತಿರುಗುತ್ತಾರೆ. ಕೊನೆಗೆ ತಾವೂ ಅದನ್ನೇ ನಂಬುತ್ತಾರೆ. ನನ್ನ ಮಗಳು ಹದಿಮೂರಕ್ಕೇ ನಂಬಿಯಾಗಿತ್ತು.

ಹಾಗಾದರೆ ಹೊಣೆ? ಇಲ್ಲಿ ತಮ್ಮ ನನಗಿಂತ ಸ್ಪಷ್ಟ. ಆಸ್ಪತ್ರೆಯ ಬಿಲ್ಲಿನಲ್ಲಿ ಅರ್ಧ ತನ್ನದು ಎಂದು ಅವನೇ ಹೇಳಿದ. ಬೇಡ, ಈಗ ಕಾರಣ ಗೊತ್ತಾಯಿತಲ್ಲ ಎಂದೆ. 'ಕಾರಣ ಗೊತ್ತಾಯ್ತು ಅಂತ ಸಾಲ ತೀರುತ್ತೇನಣ್ಣ?' ಎಂದ. ಅಮ್ಮ ಪಟ್ಟ ನೋವು, ಹೋದ ಹಣ ಎರಡೂ ನಿಜ. ರೋಗನಿರ್ಣಯ ಅದನ್ನು ಅಳಿಸುವುದಿಲ್ಲ. ನಮ್ಮ ಪುಸ್ತಕಗಳಲ್ಲೂ ಹೀಗೆಯೇ. ಕೊಡಬೇಕಾದ್ದು ಕೊಡಬೇಕಾದ್ದೇ, ದುರುದ್ದೇಶ ಇತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ. ಬದಲಾಗುವುದು ಗುಣದ ಬಗ್ಗೆ ನಾವು ಬರೆದ ಷರಾ. ಹೊಣೆಯನ್ನು ಉಳಿಸಿಕೊಂಡು ದೂಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಕೆಲವರು ರೋಗದ ಹೆಸರನ್ನು ನೆಪ ಎಂದು ಹೀಯಾಳಿಸುತ್ತಾರೆ, ಇನ್ನು ಕೆಲವರು ಅದನ್ನು ನಿಜಕ್ಕೂ ನೆಪ ಮಾಡಿಕೊಳ್ಳುತ್ತಾರೆ. ಗೊತ್ತಾದ ಮೇಲೆ ಒಂದು ಹೊಸ ಹೊಣೆಯೂ ಸೇರುತ್ತದೆ: ತನ್ನ ನೆನಪನ್ನು ನಂಬದೆ ಬೇರೆ ವ್ಯವಸ್ಥೆ ಮಾಡಿಕೊಳ್ಳುವುದು. ಪ್ರತಿ ತಿಂಗಳು 1ನೇ ತಾರೀಕು ಅವನ ಖಾತೆಯಿಂದ ನನ್ನ ಊರಿನ ಖಾತೆಗೆ 2,500 ರೂಪಾಯಿ ತಾನಾಗಿ ಬರುವಂತೆ ಅವನು ಬ್ಯಾಂಕಿಗೆ ಬರೆದುಕೊಟ್ಟಿದ್ದಾನೆ. ಈವರೆಗೆ ಒಂದು ತಿಂಗಳೂ ತಪ್ಪಿಲ್ಲ.

ಕಚೇರಿಯಲ್ಲೂ ನಾನು ಸ್ವಲ್ಪ ಬದಲಾಗಿದ್ದೇನೆ. ಒಬ್ಬ ಕಿರಿಯ ಸಹೋದ್ಯೋಗಿಯ ಮೌಲ್ಯಮಾಪನದಲ್ಲಿ 'ಅಜಾಗರೂಕ' ಎಂದು ಎರಡು ಸಲ ಬರೆದಿದ್ದೆ. ಅವನಿಗೆ ಏನಿದೆ ಎಂದು ನಾನು ಕೇಳಿಲ್ಲ. ಕೆಲಸ ಕೊಡುವವನು ಕೈಕೆಳಗಿನವರಿಗೆ ಇಂಥ ಹಾಳೆ ಹಂಚಬಾರದು ಎಂದೇ ನನ್ನ ಅಭಿಪ್ರಾಯ. ಅದು ಅವನು ತಾನಾಗಿ ಹೋಗಬೇಕಾದ ಬಾಗಿಲು. ಆದರೆ ಬಾಯಿಮಾತಿನ ಸೂಚನೆ ಬಿಟ್ಟು ಬರೆದುಕೊಡುತ್ತೇನೆ, ಮೂರು ವಾರದ ಕೆಲಸಕ್ಕೆ ಮೂರು ಗಡುವು ಇಡುತ್ತೇನೆ. ಅದರಿಂದ ಇಡೀ ತಂಡಕ್ಕೇ ಅನುಕೂಲವಾಗಿದೆ.

ಊರಿನ ಓದುಗರಿಗೆ ಒಂದು ಮಾತು. ಮನೆಯಲ್ಲಿ ಇಂಥವರು ಇದ್ದಾರೆ ಅನ್ನಿಸಿದರೆ ದುಬಾರಿ ಕ್ಲಿನಿಕ್ಕೇ ಬೇಕೆಂದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿದೆ, ಎಲ್ಲಿ ತೋರಿಸಬೇಕೆಂದು ಅಲ್ಲಿ ಕೇಳಬಹುದು. ಹೊರದೇಶದಲ್ಲಿರುವ ನಮ್ಮಂಥವರಿಗೆ ನಾಲ್ಕು ಜನ ಏನೆನ್ನುತ್ತಾರೋ ಎಂಬ ಭಯ ಊರಿಗಿಂತ ಹೆಚ್ಚು, ಯಾಕೆಂದರೆ ಇಲ್ಲಿ ಕನ್ನಡದವರೇ ನಾಲ್ಕು ಜನ. ಹೀಗಾಗಿ ಮಗಳ ವಿಷಯವನ್ನು ನಾವೂ ಆರು ತಿಂಗಳು ಮುಚ್ಚಿಟ್ಟಿದ್ದೆವು. ಒಂದು ಹಬ್ಬದ ಊಟದಲ್ಲಿ ಹೆಂಡತಿ ಬಾಯಿಬಿಟ್ಟಳು. ಮನೆಗೆ ಬರುವಷ್ಟರಲ್ಲಿ ಇಬ್ಬರು ಫೋನ್ ಮಾಡಿ ಆ ವೈದ್ಯೆಯ ನಂಬರ್ ಕೇಳಿದರು.

ಕೊನೆಯದಾಗಿ ನನ್ನ ಬಾಕಿ. ತಮ್ಮನ ಹಣಕ್ಕೆ ಕಂತುಗಳಿವೆ, ನಾನು ಕೊಡಬೇಕಾದ ನಾಲ್ಕು ವರ್ಷಕ್ಕೆ ಅಂಥದ್ದಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ಅಂದು ಆಡಿದ ಮಾತು ತಪ್ಪು ಎಂದು ಅಮ್ಮನ ಎದುರೇ ಅವನಿಗೆ ಹೇಳಿದೆ. ಹಳೆಯ ಅಂಕಿ ತಿದ್ದಿದ್ದನ್ನು ಬಾಯಿಬಿಟ್ಟು ಹೇಳಬೇಕಲ್ಲ. ಅವನು 'ಬಿಡಣ್ಣ' ಎಂದು ಎದ್ದುಹೋಗಿ ಅಮ್ಮನ ಕೆಟ್ಟ ಮಿಕ್ಸರ್ ಬಿಚ್ಚಿಕೊಂಡು ಕೂತ.

ಅವತ್ತು ಸಂಜೆ ಅಮ್ಮನ ಹೊಸ ಪಾಲಿಸಿಯ ಕಂತು ನನ್ನ ಖಾತೆಯಿಂದ ನೇರವಾಗಿ ಹೋಗುವಂತೆ ಮೊಬೈಲಿನಲ್ಲೇ ಏರ್ಪಾಡು ಮಾಡಿದೆ. ಇಡೀ ಜವಾಬ್ದಾರಿಯನ್ನು ಒಬ್ಬನ ನೆನಪಿನ ಮೇಲೆ ಬಿಡುವ ಕಂಪನಿಯನ್ನು ಕಂಡರೆ ನಾನು ವರದಿಯಲ್ಲಿ ಒಂದು ಪುಟ ಬರೆಯುತ್ತೇನೆ. ಈ ಏರ್ಪಾಡಿಗೆ ಹಿಡಿದದ್ದು ಹತ್ತು ನಿಮಿಷ. ಅದನ್ನು ವರ್ಷಗಳ ಹಿಂದೆಯೇ ಮಾಡಬಹುದಿತ್ತು. ನನಗೂ ಹೊಳೆದಿರಲಿಲ್ಲ.